ಈಜುಕೊಳದ ಶುಲ್ಕ, ಉದ್ದಿಮೆ ಪರವಾನಗಿ: ನಿರ್ಧರಿಸುವವರು ಯಾರು?

ಪಾಲಿಕೆ ಮತ್ತು ನಗರಸಭೆಗಳು ವಿಧಿಸುವ ಶುಲ್ಕಗಳ ಬಗ್ಗೆ ಕೆಲವು ತಿಂಗಳುಗಳಿಂದ ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರು ಅದೇ ಕಚೇರಿಗಳ ಮೆಟ್ಟಿಲು ಮತ್ತೆ ಹತ್ತಬೇಕಾದವರಾದ್ದರಿಂದ ಅವರ ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರ. ಇಬ್ಬರು ಮಕ್ಕಳನ್ನು ಪಾಲಿಕೆಯ ಈಜುಕೊಳಕ್ಕೆ ಕಳುಹಿಸುತ್ತಿದ್ದೆ. ಬೇಸಿಗೆ ರಜೆ ಆರಂಭವಾಗುವ ಹೊತ್ತಿಗೆ ತಿಂಗಳ ಶುಲ್ಕವನ್ನು ಒಂದೇ ಏಟಿಗೆ ದುಪ್ಪಟ್ಟು ಮಾಡಿದ್ದಾರೆ. ಕೌಂಟರಿನಲ್ಲಿ ವಿಚಾರಿಸಿದರೆ ‘ಮೇಲಿನಿಂದ ಆದೇಶ ಬಂದಿದೆ’ ಎನ್ನುತ್ತಾರೆ. ಈ ‘ಮೇಲಿನವರು’ ಯಾರು? ಇದನ್ನು ಪ್ರಶ್ನಿಸಲು ಅವಕಾಶವಿದೆಯೇ?

ಉತ್ತರ: ಮೊದಲಿಗೆ ಈಜುಕೊಳ ಯಾರದ್ದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಊರೊಳಗಿರುವುದೆಲ್ಲ ಪಾಲಿಕೆಯ ಸ್ವತ್ತಲ್ಲ. ಮಂಗಳೂರಿನ ಲೇಡಿಹಿಲ್‌ನಲ್ಲಿರುವ ಮಂಗಳಾ ಈಜುಕೊಳ ಮಹಾನಗರ ಪಾಲಿಕೆಯದು. ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದ ಈಜುಕೊಳ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದಾದರೆ, ಅದೇ ಊರಿನ ಸರಸ್ವತಿಪುರಂನ ಈಜುಕೊಳ ವಿಶ್ವವಿದ್ಯಾಲಯದ್ದು. ಬೆಂಗಳೂರಿನ ಲಾಲ್‌ಬಾಗ್ ತೋಟಗಾರಿಕೆ ಇಲಾಖೆಗೆ ಸೇರಿದ್ದು. ಅಲ್ಲಿನ ಪ್ರವೇಶ ಶುಲ್ಕ ಹೆಚ್ಚಾದರೆ ಪಾಲಿಕೆಯ ಮುಂದೆ ಧರಣಿ ಕುಳಿತು ಪ್ರಯೋಜನವಿಲ್ಲ.

ನಿಮ್ಮ ಊರಿನ ಈಜುಕೊಳ ಪಾಲಿಕೆಯದೇ ಎಂದಾದರೆ, ಅದರ ದರ ನಿಗದಿ ಮಾಡುವುದು ಪಾಲಿಕೆಯ ಸಭೆಗೆ ಸೇರಿದ ಕೆಲಸ. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತದ 18 ವಿಷಯಗಳಿವೆ. ಉದ್ಯಾನ, ಆಟದ ಮೈದಾನಗಳಂಥ ನಗರ ಸೌಲಭ್ಯಗಳನ್ನು ಒದಗಿಸುವುದು ಅವುಗಳಲ್ಲೊಂದು. ಸಾಮಾನ್ಯವಾಗಿ ಆಯುಕ್ತರ ಕಚೇರಿ ದರ ಪರಿಷ್ಕರಣೆಯ ಪ್ರಸ್ತಾವವನ್ನು ಸಿದ್ಧಪಡಿಸುತ್ತದೆ. ಅದು ತೆರಿಗೆ ನಿರ್ಧಾರ, ಹಣಕಾಸು ಮತ್ತು ಅಪೀಲು ಸ್ಥಾಯಿ ಸಮಿತಿಯ ಮುಂದೆ ಬಂದು, ಅಲ್ಲಿಂದ ಸಾಮಾನ್ಯ ಸಭೆಗೆ ಹೋಗಿ, ಚರ್ಚೆಯಾಗಿ, ನಿರ್ಣಯವಾಗಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಆದ್ದರಿಂದ ‘ಮೇಲಿನಿಂದ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ನಿರ್ಣಯದ ಸಂಖ್ಯೆ ಯಾವುದು, ದಿನಾಂಕ ಯಾವುದು, ಹೊಸ ದರ ಯಾವ ದಿನದಿಂದ ಜಾರಿ ಎಂದು ಬರೆದ ಅರ್ಜಿಯನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯದ ಕುರಿತಾಗಿರಬೇಕು, 150 ಪದಗಳನ್ನು ಮೀರಬಾರದು. ಅಧಿಕಾರಿ 30 ದಿನಗಳೊಳಗೆ ಉತ್ತರ ಕೊಡಬೇಕು.

ಇನ್ನು ಎಷ್ಟು ಹೆಚ್ಚಿಸಬಹುದು ಎಂಬ ಪ್ರಶ್ನೆ. ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ವಿಸ್ತಾರವಾಗಿ ವಿವರಿಸಿದ್ದು ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಧಾರ್ಮಿಕ ಸಂಸ್ಥೆಗಳ ಆದಾಯದಿಂದ ವರ್ಷಕ್ಕೆ ಶೇ 5ರವರೆಗೆ ವಂತಿಗೆ ಪಡೆಯಲು ಅಲ್ಲಿನ ಸರ್ಕಾರ ಕಾನೂನು ಮಾಡಿತ್ತು. ಸಂಗ್ರಹವಾದ ಹಣ ಸರ್ಕಾರದ ಸಾಮಾನ್ಯ ಖಜಾನೆಯಲ್ಲಿ ಬೆರೆತುಹೋಗುತ್ತದೆ, ಕೊಟ್ಟವರಿಗೆ ಸಲ್ಲುವ ಸೇವೆಗೂ ಆ ಮೊತ್ತಕ್ಕೂ ಸಂಬಂಧವೇ ಇಲ್ಲ, ಹೀಗಾಗಿ ಅದು ಶುಲ್ಕವಲ್ಲ, ತೆರಿಗೆ ಎಂದು ನ್ಯಾಯಾಲಯ ಹೇಳಿತು. ಮುಂದಿನ ತೀರ್ಪುಗಳಲ್ಲಿ ಪೈಸೆ ಪೈಸೆಗೂ ಲೆಕ್ಕ ಹೊಂದಬೇಕಾಗಿಲ್ಲ ಎಂಬ ಸಡಿಲಿಕೆ ಬಂದರೂ, ಸೌಲಭ್ಯವೊಂದನ್ನು ಬಳಸಿದ್ದಕ್ಕೆ ಪಡೆಯುವ ಶುಲ್ಕಕ್ಕೂ ಆ ಸೌಲಭ್ಯಕ್ಕೆ ತಗಲುವ ವೆಚ್ಚಕ್ಕೂ ತಕ್ಕಮಟ್ಟಿನ ಸಂಬಂಧ ಇರಲೇಬೇಕು ಎಂಬ ಮಾತು ಉಳಿದಿದೆ.

ಆದ್ದರಿಂದ ನೀವು ಕೇಳಬೇಕಾದ ಎರಡನೇ ದಾಖಲೆ ಈಜುಕೊಳದ ವಾರ್ಷಿಕ ಜಮಾ ಖರ್ಚು. ಪಾಲಿಕೆಯ ಕಷ್ಟವನ್ನೂ ಇಲ್ಲಿ ಅರಿಯಬೇಕು. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಒಂದು ಸಾಧಾರಣ ಕೊಳದಲ್ಲಿ ಸುಮಾರು 4.7 ಲಕ್ಷ ಲೀಟರ್ ನೀರು ಹಿಡಿಸುತ್ತದೆ. ಅಷ್ಟೂ ನೀರು ಆರು ಗಂಟೆಗೊಮ್ಮೆ ಫಿಲ್ಟರ್ ಮೂಲಕ ಹಾದುಬರಬೇಕೆಂದರೆ ಪಂಪು ಗಂಟೆಗೆ 78 ಸಾವಿರ ಲೀಟರ್ ಎತ್ತಬೇಕು. ವಿದ್ಯುತ್ ಬಿಲ್ಲು, ಕ್ಲೋರಿನ್, ಫಿಲ್ಟರಿನ ಮರಳು, ಆವಿಯಾದ ನೀರಿಗೆ ಬದಲು ತುಂಬಿಸುವ ನೀರು, ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಬ್ಯಾಚಿನಲ್ಲೂ ದಡದಲ್ಲಿ ನಿಂತು ಕಾಯುವ ಜೀವರಕ್ಷಕರ ಸಂಬಳ, ಇವು ಖರ್ಚಿನ ದೊಡ್ಡ ಬಾಬ್ತುಗಳು. ನಿಮಗೆ ಸಿಗುವ ಪಟ್ಟಿಯಲ್ಲಿ ಇವು ಬೇರೆ ಬೇರೆಯಾಗಿ ನಮೂದಾಗಿವೆಯೇ ಎಂದು ನೋಡಿ. ‘ನಿರ್ವಹಣೆ’ ಎಂಬ ಒಂದೇ ಸಾಲಿನ ಮುಂದೆ ದೊಡ್ಡ ಮೊತ್ತ ಕುಳಿತಿದ್ದರೆ ಅದನ್ನು ಬಿಡಿಸಿ ಹೇಳುವಂತೆ ಕೇಳುವ ಹಕ್ಕು ನಿಮಗಿದೆ. ಕೊಳವನ್ನು ಗುತ್ತಿಗೆದಾರರಿಗೆ ವಹಿಸಿದ್ದರೆ ಟೆಂಡರ್ ಷರತ್ತುಗಳ ಪ್ರತಿಯನ್ನೂ ಪಡೆಯಿರಿ. ದರ ಏರಿಸುವ ಅಧಿಕಾರ ಗುತ್ತಿಗೆದಾರರಿಗೆ ಇದೆಯೇ, ಪಾಲಿಕೆಯ ಒಪ್ಪಿಗೆ ಬೇಕೇ ಎಂಬುದು ಅದರಲ್ಲೇ ಬರೆದಿರುತ್ತದೆ.

ವೆಚ್ಚವೆಲ್ಲ ಈಜುವವರಿಂದಲೇ ಹುಟ್ಟಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಉದ್ಯಾನದಲ್ಲಿ ಬೆಳಗ್ಗೆ ನಡೆಯುವವರಿಂದ ಹುಲ್ಲು ಕತ್ತರಿಸುವ ಖರ್ಚನ್ನು ಯಾವ ಪಾಲಿಕೆಯೂ ವಸೂಲು ಮಾಡುವುದಿಲ್ಲ. ಅದು ಆಸ್ತಿ ತೆರಿಗೆಯಿಂದ ನಡೆಯುತ್ತದೆ, ಅದು ಸರಿ ಕೂಡ. ಬೇಸಿಗೆ ಬಂದರೆ ಕೆರೆ, ಕಾಲುವೆ, ನೀರು ನಿಂತ ಕಲ್ಲುಗಣಿಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನಾವು ಪ್ರತಿವರ್ಷ ಓದುತ್ತೇವೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಈಜು ಬರುತ್ತಿರುವುದಿಲ್ಲ. ಕಾವಲಿರುವ ಕೊಳದಲ್ಲಿ ಈಜು ಕಲಿಸುವುದು ಜೀವ ಉಳಿಸುವ ಕೆಲಸ, ಅದನ್ನು ಮೋಜಿನ ಬಾಬ್ತಿನಲ್ಲಿ ಸೇರಿಸಬಾರದು. ಸಂಜೆಯ ದಟ್ಟಣೆಯ ಬ್ಯಾಚಿಗೆ ಹೆಚ್ಚು ದರ, ಮಧ್ಯಾಹ್ನ ಖಾಲಿ ಬಿದ್ದಿರುವ ಕೊಳಕ್ಕೆ ಸರ್ಕಾರಿ ಶಾಲೆಗಳ ಮಕ್ಕಳನ್ನು ಉಚಿತವಾಗಿ ಕರೆತರುವ ಏರ್ಪಾಡು, ತಿಂಗಳ ಹಣ ಒಟ್ಟಿಗೆ ಕೊಡಲಾಗದವರಿಗೆ ದಿನದ ಚೀಟಿಯನ್ನು ದುಬಾರಿ ಮಾಡದಿರುವುದು, ಇವೆಲ್ಲ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಹೇಳಿದರೆ ಆಗುವಂಥವು. ನಿಮ್ಮ ಅರ್ಜಿಯಲ್ಲಿ ‘ದರ ಇಳಿಸಿ’ ಎಂದಷ್ಟೇ ಬರೆಯದೆ ಈ ಬೇಡಿಕೆಗಳನ್ನೂ ಸೇರಿಸಿ.

ಪ್ರಶ್ನೆ: ಪುರಸಭೆ ವ್ಯಾಪ್ತಿಯಲ್ಲಿ ಚಿಕ್ಕದೊಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ಖಾರದ ಪುಡಿ, ಸಾಂಬಾರು ಪುಡಿಯನ್ನೂ ಮಾಡಿಕೊಡುತ್ತೇನೆ. ಜಿಎಸ್‌ಟಿ ನೋಂದಣಿ ಇದೆ, ಆಹಾರ ಸುರಕ್ಷತೆಯ ನೋಂದಣಿಯೂ ಇದೆ. ಆದರೂ ಆರೋಗ್ಯ ನಿರೀಕ್ಷಕರು ಉದ್ದಿಮೆ ಪರವಾನಗಿ ಇಲ್ಲವೆಂದು ನೋಟಿಸ್ ಕೊಟ್ಟಿದ್ದಾರೆ. ಒಂದೇ ಅಂಗಡಿಗೆ ಎಷ್ಟು ಪರವಾನಗಿ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ನೋಟಿಸ್ ತಪ್ಪಲ್ಲ. ಜಿಎಸ್‌ಟಿ ನಿಮ್ಮ ವಹಿವಾಟಿನ ತೆರಿಗೆಗೆ ಸಂಬಂಧಿಸಿದ್ದು. 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ನೀವು ಮಾರುವ ಪದಾರ್ಥದ ಶುದ್ಧತೆಗೆ ಸಂಬಂಧಿಸಿದ್ದು. ಕೆಲಸದವರಿದ್ದರೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯ ನೋಂದಣಿಯೂ ಬೇಕಾಗುತ್ತದೆ. ಇವು ಯಾವುವೂ ಆ ಜಾಗದಲ್ಲಿ ಆ ಕೆಲಸ ನಡೆಯಬಹುದೇ ಎಂಬುದನ್ನು ನೋಡುವುದಿಲ್ಲ. ಅದನ್ನು ನೋಡುವುದೇ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯೂ, ಮಹಾನಗರ ಪಾಲಿಕೆಗಳಿಗೆ 1976ರ ಪೌರ ನಿಗಮಗಳ ಕಾಯ್ದೆಯೂ ಈ ಅಧಿಕಾರ ಕೊಟ್ಟಿವೆ. ಪಾಲಿಕೆ ಕಾಯ್ದೆಯ 353ನೇ ಪ್ರಕರಣ ಮತ್ತು ಅದಕ್ಕೆ ಹೊಂದಿಕೊಂಡ ಅನುಸೂಚಿಯನ್ನು ಓದಿದರೆ, ಜೀವಕ್ಕೆ, ಆರೋಗ್ಯಕ್ಕೆ, ಆಸ್ತಿಗೆ ಅಪಾಯ ತರಬಹುದಾದ ಅಥವಾ ನೆರೆಹೊರೆಗೆ ಉಪದ್ರವವಾಗಬಹುದಾದ ಕಸುಬುಗಳ ಉದ್ದನೆಯ ಪಟ್ಟಿ ಕಾಣುತ್ತದೆ.

ಮೆಣಸಿನಕಾಯಿ ಪುಡಿಯಾಗುವಾಗ ಗಿರಣಿಯ ಬಾಗಿಲಿನಿಂದ ಏಳುವ ಘಾಟು ಎದುರು ಮನೆಯ ಮಗುವನ್ನು ಕೆಮ್ಮಿಸುತ್ತದೆ, ಮೋಟರಿನ ಅದುರು ಪಕ್ಕದ ಗೋಡೆಗೆ ತಟ್ಟುತ್ತದೆ. ದೂಳು ಹೊರಹೋಗದಂತೆ ಚೀಲ ಕಟ್ಟಿದ್ದೀರಾ, ಮೋಟರಿಗೆ ಅದುರು ತಡೆಯುವ ರಬ್ಬರು ಹಾಸಿದ್ದೀರಾ, ರಾತ್ರಿ ಎಷ್ಟು ಹೊತ್ತಿನವರೆಗೆ ಗಿರಣಿ ಓಡಿಸುತ್ತೀರಿ ಎಂಬುದನ್ನು ಯಾರಾದರೂ ನೋಡಬೇಕಷ್ಟೆ. ಪರವಾನಗಿಯ ಷರತ್ತುಗಳು ಇರುವುದು ಇದಕ್ಕಾಗಿ. ನಿರೀಕ್ಷಕರು ಒಳಗೆ ಕಾಲಿಡದೆಯೇ ಸಹಿ ಹಾಕಿ ಹೋದರೆ ನಿಮ್ಮ ಹಣವೂ ನೆರೆಯವರ ನೆಮ್ಮದಿಯೂ ಒಟ್ಟಿಗೆ ಪೋಲಾದಂತೆ. ಪರಿಶೀಲನೆ ಮಾಡಿ ವರದಿ ಬರೆಯುವಂತೆ ನೀವೇ ಕೇಳುವುದು ಒಳ್ಳೆಯದು.

ಅರ್ಜಿ ಸಲ್ಲಿಸುವಾಗ ಸಕಾಲ ಸ್ವೀಕೃತಿ ಸಂಖ್ಯೆ ಪಡೆಯುವುದನ್ನು ಮರೆಯಬೇಡಿ. 2011ರ ಸಕಾಲ ಕಾಯ್ದೆಯಡಿ ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದಾದರೂ ಅದು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಕಡಿತವಾಗುವುದರಿಂದ ಕಡತ ಚಲಿಸುತ್ತದೆ. ಪರವಾನಗಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಣದ ಅರ್ಜಿಯನ್ನು ಫೆಬ್ರವರಿಯಲ್ಲೇ ಕೊಟ್ಟುಬಿಡಿ, ತಡವಾದರೆ ದಂಡ ಬೀಳುತ್ತದೆ.

ಪ್ರಶ್ನೆ: ನಾನು ಹೋಟೆಲ್ ನಡೆಸುತ್ತೇನೆ. ಪರವಾನಗಿ ಶುಲ್ಕ ಏರಿಸಿದ್ದಾರೆ, ಕಸ ವಿಲೇವಾರಿ ಶುಲ್ಕವನ್ನು ಬೇರೆ ಕಟ್ಟುತ್ತೇನೆ. ಪರವಾನಗಿ ಶುಲ್ಕಕ್ಕೆ ಪ್ರತಿಯಾಗಿ ನನಗೆ ಸಿಗುವ ಸೇವೆಯಾದರೂ ಏನು? ಸೇವೆ ಇಲ್ಲದ ಮೇಲೆ ಶುಲ್ಕ ಅಕ್ರಮವಲ್ಲವೇ?

ಉತ್ತರ: ಈಜುಕೊಳದ ಪ್ರಶ್ನೆಗೆ ಹೇಳಿದ ತರ್ಕ ಇಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ. ಹೈದರಾಬಾದ್ ಪಾಲಿಕೆಯ ವಿರುದ್ಧ ಅಲ್ಲಿನ ಹೋಟೆಲ್ ಮಾಲೀಕರ ಸಂಘ ಹೂಡಿದ್ದ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ಪರವಾನಗಿ ಶುಲ್ಕದಲ್ಲಿ ಎರಡು ಬಗೆಯಿದೆ ಎಂದಿತು. ಸೇವೆಗೆ ಪ್ರತಿಫಲವಾಗಿ ಪಡೆಯುವುದು ಒಂದು, ಉದ್ದಿಮೆಯ ಮೇಲೆ ನಿಗಾ ಇಡುವುದಕ್ಕಾಗಿ ಪಡೆಯುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಮಾಲೀಕರಿಗೆ ನೇರ ಸೇವೆ ಸಲ್ಲಬೇಕೆಂದಿಲ್ಲ. ಮೊತ್ತ ವಿಪರೀತವಾಗಿರಬಾರದು, ಅಷ್ಟೆ. ಅಡುಗೆಮನೆಯ ತಪಾಸಣೆ ಊಟಕ್ಕೆ ಬರುವವರ ಹಿತಕ್ಕಾಗಿ ನಡೆಯುವುದರಿಂದ ನನಗೆ ಈ ನಿಲುವು ನ್ಯಾಯವೆಂದೇ ತೋರುತ್ತದೆ.

ಹಾಗೆಂದು ಪಾಲಿಕೆ ಮನಸ್ಸಿಗೆ ಬಂದಷ್ಟು ಕೇಳಬಹುದೆಂದಲ್ಲ. ಕಲ್ಕತ್ತಾ ಪಾಲಿಕೆ 1958ರಲ್ಲಿ ಚಿತ್ರಮಂದಿರಗಳ ಪರವಾನಗಿ ಶುಲ್ಕವನ್ನು ಪ್ರತಿ ಪ್ರದರ್ಶನದ ಲೆಕ್ಕಕ್ಕೆ ಬದಲಿಸಿದಾಗ, ಲಿಬರ್ಟಿ ಸಿನಿಮಾಕ್ಕೆ ವರ್ಷಕ್ಕೆ 400 ರೂಪಾಯಿ ಇದ್ದದ್ದು 6,000 ರೂಪಾಯಿಗೆ ಏರಿತು. ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಅದನ್ನು ಎತ್ತಿಹಿಡಿಯಿತಾದರೂ, ಹೆಸರು ಶುಲ್ಕ ಎಂದಿದ್ದರೂ ಅದು ತೆರಿಗೆಯೇ, ಆದರೆ ಅದನ್ನು ವಿಧಿಸಲು ಕಾಯ್ದೆಯೇ ಅಧಿಕಾರ ಕೊಟ್ಟಿದೆ ಎಂಬ ಆಧಾರದ ಮೇಲೆ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಸೂಲು ಮಾಡುವಂತಿಲ್ಲ ಎಂಬುದು ಸಂವಿಧಾನದ 265ನೇ ವಿಧಿ. ನಿಮ್ಮ ಹೋಟೆಲಿನ ಶುಲ್ಕ ಏರಿದ್ದು ಎಷ್ಟು ಪಟ್ಟು, ಏರಿಕೆಗೆ ಕೊಟ್ಟ ಕಾರಣವೇನು ಎಂಬ ಎರಡನ್ನು ಇಟ್ಟುಕೊಂಡು ನಿಮ್ಮ ಸಂಘದ ಮೂಲಕ ಮನವಿ ಕೊಡಿ. ಒಬ್ಬರೇ ಹೋದರೆ ತಪಾಸಣೆಯ ಹೆಸರಿನಲ್ಲಿ ಕಿರುಕುಳವಾಗುವ ಭಯ ಇರುತ್ತದೆ.

ಪ್ರಶ್ನೆ: ನಮ್ಮ ಪಾಲಿಕೆಯಲ್ಲಿ ಸದಸ್ಯರ ಅವಧಿ ಮುಗಿದು ಬಹಳ ಕಾಲವಾಯಿತು, ಚುನಾವಣೆ ನಡೆದಿಲ್ಲ. ಮೈದಾನದ ಬಾಡಿಗೆ, ಸಮುದಾಯ ಭವನದ ಬಾಡಿಗೆ, ಪರವಾನಗಿ ದರ ಎಲ್ಲವೂ ಈಚೆಗೆ ಏರಿವೆ. ಸಭೆಯೇ ಇಲ್ಲದಿರುವಾಗ ನಿರ್ಣಯ ಮಾಡಿದವರು ಯಾರು? ಅದು ಸಿಂಧುವೇ?

ಉತ್ತರ: ಕಾನೂನಿನ ದೃಷ್ಟಿಯಿಂದ ಸಿಂಧು. ಪಾಲಿಕೆಯ ಅವಧಿ ಮುಗಿದಾಗ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಕೆಲವೆಡೆ ಜಿಲ್ಲಾಧಿಕಾರಿ, ಕೆಲವೆಡೆ ಪ್ರಾದೇಶಿಕ ಆಯುಕ್ತರು ಆ ಸ್ಥಾನದಲ್ಲಿರುತ್ತಾರೆ. ಸಭೆಯ ಅಧಿಕಾರ, ಸ್ಥಾಯಿ ಸಮಿತಿಗಳ ಅಧಿಕಾರ ಎರಡೂ ಅವರೊಬ್ಬರಿಗೇ ಬರುತ್ತವೆ. ಆಯುಕ್ತರ ಕಚೇರಿಯಿಂದ ಬಂದ ಕಡತಕ್ಕೆ ಆಡಳಿತಾಧಿಕಾರಿ ಸಹಿ ಹಾಕಿದರೆ ಅದೇ ನಿರ್ಣಯ.

ಆದರೆ ಇದು ತಾತ್ಕಾಲಿಕ ಏರ್ಪಾಡಾಗಿ ಉಳಿದಿಲ್ಲ ಎಂಬುದೇ ನನ್ನ ಆತಂಕ. ಸಂವಿಧಾನದ 243ಯು ವಿಧಿ ನಗರ ಸಂಸ್ಥೆಗಳಿಗೆ ಐದು ವರ್ಷ ಮಾತ್ರ ಅವಧಿ ಕೊಟ್ಟು, ಆ ಅವಧಿ ಮುಗಿಯುವುದಕ್ಕೆ ಮೊದಲೇ ಚುನಾವಣೆ ಮುಗಿಸಬೇಕು ಎನ್ನುತ್ತದೆ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಹೀಗಿದ್ದೂ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆಯೇ ನಡೆಯಲಿಲ್ಲ. ಪೂರ್ತಿ ಒಂದು ಅವಧಿಯೇ ಸದಸ್ಯರಿಲ್ಲದೆ ಕಳೆದುಹೋಯಿತು. ಮೈಸೂರು ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ, ಮಂಗಳೂರಿನದು 2024ರ ಫೆಬ್ರವರಿಯಲ್ಲಿ ಮುಗಿದು ಅಲ್ಲಿಯೂ ಆಡಳಿತಾಧಿಕಾರಿಗಳೇ ಬಂದರು. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಅದರ ಮೇಲಿನ ದಾವೆ ಎಂದು ಪ್ರತಿಬಾರಿಯೂ ಒಂದು ಕಾರಣ ಸಿಗುತ್ತದೆ.

ಸದಸ್ಯರಿದ್ದಾಗ ಶುಲ್ಕ ಏರಿಸುವುದು ಸುಲಭವಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಸಾಮಾನ್ಯ ಸಭೆಯಲ್ಲಿ ವಿರೋಧ ಪಕ್ಷದವರು ಮೇಯರ್ ಪೀಠದ ಮುಂದೆ ಹೋಗಿ ಗದ್ದಲ ಮಾಡುತ್ತಿದ್ದರು, ವಿಷಯವನ್ನು ಮುಂದೂಡಿಸುತ್ತಿದ್ದರು, ಮರುದಿನ ಅದು ಪತ್ರಿಕೆಯಲ್ಲಿ ಬರುತ್ತಿತ್ತು. ತಮ್ಮ ವಾರ್ಡಿನ ಮತದಾರರಿಗೆ ಮುಖ ತೋರಿಸಬೇಕಾದ ಭಯ ಅವರಿಗಿತ್ತು. ಆ ಗದ್ದಲವನ್ನು ಹಲವರು ಹಗುರವಾಗಿ ಕಾಣುತ್ತಾರೆ. ನನ್ನ ಮಟ್ಟಿಗೆ ಅದು ನಾಗರಿಕರ ಜೇಬನ್ನು ಕಾಯುತ್ತಿದ್ದ ಕಾವಲು. ಪರವಾನಗಿ ನಿರಾಕರಿಸಿದ ಆಯುಕ್ತರ ಆದೇಶದ ವಿರುದ್ಧ ಸ್ಥಾಯಿ ಸಮಿತಿಗೆ ಮೇಲ್ಮನವಿ ಹೋಗುವ ವ್ಯವಸ್ಥೆಯೂ ಈಗ ಇನ್ನೊಬ್ಬ ಅಧಿಕಾರಿಯ ಮೇಜಿಗೇ ಬಂದು ನಿಂತಿದೆ.

ಈಗ ನೀವು ಮಾಡಬಹುದಾದದ್ದು ಇಷ್ಟು. ಆಡಳಿತಾಧಿಕಾರಿಯ ಆದೇಶಗಳೂ ನಿರ್ಣಯಗಳಂತೆಯೇ ದಾಖಲೆಗಳು, ಅವುಗಳ ಪ್ರತಿ ಕೇಳಿ. ಆಯವ್ಯಯದ ಮುನ್ನ ಸಾರ್ವಜನಿಕರ ಸಲಹಾ ಸಭೆ ಕರೆಯುವ ರೂಢಿ ಹಲವು ಪಾಲಿಕೆಗಳಲ್ಲಿದೆ. ಆ ಸಭೆಗೆ ಸಂಘ ಸಂಸ್ಥೆಗಳವರು ಲಿಖಿತ ಟಿಪ್ಪಣಿಯೊಂದಿಗೆ ಹೋಗಿ, ಅದನ್ನು ನಡಾವಳಿಯಲ್ಲಿ ಸೇರಿಸುವಂತೆ ಒತ್ತಾಯಿಸಬೇಕು. ಅದಕ್ಕಿಂತ ಮುಖ್ಯವಾಗಿ, ಚುನಾವಣೆ ಯಾವಾಗ ಎಂಬ ಪ್ರಶ್ನೆಯನ್ನು ಶಾಸಕರ ಮುಂದೆಯೂ ರಾಜ್ಯ ಚುನಾವಣಾ ಆಯೋಗದ ಮುಂದೆಯೂ ಬಿಡದೆ ಕೇಳಬೇಕು.

ಪ್ರಶ್ನೆ: ಬಡಾವಣೆಯ ಆಟದ ಮೈದಾನದ ಅರ್ಧಕ್ಕೆ ಬೇಲಿ ಹಾಕಿ ಖಾಸಗಿಯವರಿಗೆ ಟರ್ಫ್ ನಡೆಸಲು ಕೊಟ್ಟಿದ್ದಾರೆ. ಗಂಟೆಗೆ ಇಷ್ಟು ಎಂದು ಹಣ ಕೊಟ್ಟವರಿಗೆ ಮಾತ್ರ ಆಟ. ಓಣಿಯ ಹುಡುಗರು ಬೇಲಿಯ ಆಚೆ ನಿಂತು ನೋಡುತ್ತಾರೆ. ಇದಕ್ಕೆ ಅವಕಾಶವಿದೆಯೇ?

ಉತ್ತರ: ಮೈದಾನಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ ಇದೆ. ಆ ಕಾಯ್ದೆಯಡಿ ತಯಾರಿಸಿದ ಪಟ್ಟಿಯಲ್ಲಿ ನಿಮ್ಮ ಮೈದಾನವಿದೆಯೇ, ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ಅದನ್ನು ಏನೆಂದು ಗುರುತಿಸಲಾಗಿದೆ ಎಂಬುದನ್ನು ಮೊದಲು ನೋಡಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗಾಗಿ ಟ್ರಸ್ಟ್ ಒಂದಕ್ಕೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಅದರಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ರದ್ದುಪಡಿಸಿದ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದನ್ನೂ ಒಪ್ಪಿತು.

ನಿಮ್ಮ ಪ್ರಕರಣ ಅದಕ್ಕಿಂತ ಜಟಿಲ. ಅಲ್ಲಿ ಆಸ್ಪತ್ರೆ ಬರುವುದಿತ್ತು, ಇಲ್ಲಿ ಆಟವೇ ನಡೆಯುತ್ತಿದೆ, ಹೀಗಾಗಿ ಉದ್ದೇಶ ಬದಲಾಗಿಲ್ಲ ಎಂದು ಪಾಲಿಕೆ ವಾದಿಸಬಹುದು. ಆದರೆ ಹಣವಿಲ್ಲದ ಮಗುವಿಗೆ ಬಾಗಿಲು ಮುಚ್ಚಿದ ಮೈದಾನವನ್ನು ಸಾರ್ವಜನಿಕ ಮೈದಾನ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಗುತ್ತಿಗೆಯ ಕರಾರಿನಲ್ಲಿ ಉಚಿತ ಅವಧಿಯ ಷರತ್ತು ಇದೆಯೇ ಎಂದು ಪರಿಶೀಲಿಸಿ. ಇದ್ದರೆ ಅದನ್ನು ಜಾರಿಗೊಳಿಸಿಕೊಳ್ಳಿ. ಇಲ್ಲದಿದ್ದರೆ, ಕರಾರು ನವೀಕರಣಕ್ಕೆ ಬರುವ ದಿನಾಂಕವನ್ನು ಗುರುತು ಹಾಕಿಕೊಂಡು ಅದಕ್ಕೆ ಆರು ತಿಂಗಳ ಮುನ್ನವೇ ನಿವಾಸಿಗಳ ಸಹಿಯೊಂದಿಗೆ ಆಕ್ಷೇಪಣೆ ಸಲ್ಲಿಸಿ. ನವೀಕರಣ ಆದ ಮೇಲೆ ಕೊಟ್ಟ ಅರ್ಜಿಯನ್ನು ಯಾರೂ ಓದುವುದಿಲ್ಲ.

ಪ್ರಶ್ನೆ: ಸೊಪ್ಪು ಮಾರುವ ನನ್ನ ತಾಯಿಯಿಂದ ಪ್ರತಿದಿನ ಗುತ್ತಿಗೆದಾರರ ಕಡೆಯವರು ಸುಂಕ ವಸೂಲು ಮಾಡುತ್ತಾರೆ, ಚೀಟಿ ಕೊಡುವುದಿಲ್ಲ. ಕೇಳಿದರೆ ಜಾಗ ಖಾಲಿ ಮಾಡಿಸುವುದಾಗಿ ಹೆದರಿಸುತ್ತಾರೆ.

ಉತ್ತರ: ಚೀಟಿ ಕೊಡದೆ ಹಣ ಪಡೆಯುವ ಅಧಿಕಾರ ಯಾರಿಗೂ ಇಲ್ಲ. ಸುಂಕ ವಸೂಲಿಯನ್ನು ಹರಾಜು ಹಾಕಿದ್ದರೆ, ಯಾವ ಸರಕಿಗೆ ಎಷ್ಟು ಎಂಬ ದರಪಟ್ಟಿ ಆ ಹರಾಜಿನ ಷರತ್ತುಗಳಲ್ಲೇ ಇರಬೇಕು. ಅದನ್ನು ಸಂತೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಸಿ ಹಾಕಲು ಪೌರಾಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ಅರ್ಜಿ ಕೊಡಿ. ಎಬ್ಬಿಸುವ ಬೆದರಿಕೆಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಉತ್ತರವಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ತಾಯಿಯವರ ಹೆಸರು ಸಮೀಕ್ಷೆಯ ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ಕಚೇರಿಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ಆಧಾರ್ ಪ್ರತಿ, ಭಾವಚಿತ್ರ ಮತ್ತು ಅವರು ಕೂರುವ ಜಾಗದ ವಿವರದೊಂದಿಗೆ ಸೇರ್ಪಡೆಗೆ ಅರ್ಜಿ ಕೊಟ್ಟು, ಸಮಿತಿಯಲ್ಲಿರುವ ವ್ಯಾಪಾರಿ ಪ್ರತಿನಿಧಿಗಳಿಗೂ ಒಂದು ಪ್ರತಿ ತಲುಪಿಸಿ.